ಹುಳು ಹಣ್ಣಾಗುವ ತನಕ

"ತಲೆ ಓಡ್ಸೋರಿಗೆ ಬರೋ ಕಾಯ್ಲೆ ಕಣ್ಲಾ ಅದು. ಒಂಬತ್ನೇ ಕ್ಲಾಸಲ್ಲಿ ಬ್ಯಾಗ್ ಬಿಸಾಕ್ದೋನು ನೀನು, ನಿಂಗೆಲ್ಲಿಂದ ಬಂತ್ಲಾ?" ಎಂದು ಹಾಲಿನ ಡೈರಿಯ ಕಾರ್ಯದರ್ಶಿ ರಾಮಲಿಂಗಯ್ಯ ಕೇಳಿದ್ದೇ ತಡ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕೆಂಪರಾಜುವಿನ ಎಡತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಪಟ್ಟಿ ಕಟ್ಟಿಸಿಕೊಂಡವನು ತಟ್ಟನೆ ಎದ್ದು ಹೋಗುವಂತಿಲ್ಲ. ಗೂಟಕ್ಕೆ ಬಿಗಿದ ಹೋರಿಯ ಹಾಗೆ ಕೂತು ನಗೆಯನ್ನು ಕೊನೆಯ ತನಕ ಕೇಳಿಸಿಕೊಳ್ಳಬೇಕು. ಅವನು ಬಂದಿದ್ದು ಹಾಲು ಹಾಕುವುದಕ್ಕೆ. ಡೈರಿಯ ಜಗಲಿಯ ಮೇಲೆ ಮೇಜು ಹಾಕಿಕೊಂಡಿದ್ದ ಸಿಸ್ಟರ್ ಜ್ಯೋತಿಲಕ್ಷ್ಮಿ, ಮೂವತ್ತು ದಾಟಿದವರ ಲಿಸ್ಟು ಮುಗಿದರೂ ಸಾಲಲ್ಲಿದ್ದ ಹುಡುಗರನ್ನೂ ಕರೆಯತೊಡಗಿದ್ದರು. "ಬಾಪ್ಪಾ, ಎರಡೇ ನಿಮಿಷ, ನೋವಾಗಲ್ಲ" ಎಂದಿದ್ದರು. ಮೊದಲ ಸಲ ನೂರ ಅರವತ್ತೆಂಟು, ನೂರ ಆರು ಬಂತು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದಾಗ ನಾಲ್ಕು ಕಮ್ಮಿಯಾಗಿತ್ತು ಅಷ್ಟೇ. ಸಿಸ್ಟರ್ ಮೆಲ್ಲಗೆ ಬರೆದುಕೊಳ್ಳುತ್ತಿದ್ದರು. ಅವರ ಹೆಗಲ ಹಿಂದಿನಿಂದ ಬಗ್ಗಿ ಓದಿ, ಊರಿಗೆಲ್ಲ ಕೇಳುವಂತೆ ಸಾರಿದವನು ರಾಮಲಿಂಗಯ್ಯ. ದಿನಾ ಬೆಳಿಗ್ಗೆ ಸಾಯಂಕಾಲ ಇಂಥವರ ಹಾಲಿಗೆ ಇಷ್ಟು ಫ್ಯಾಟು ಎಂದು ಕೂಗುವ ಅದೇ ಗಂಟಲು, ಅದೇ ರಾಗ.

ಹಾಲಿನ ಲೆಕ್ಕದಲ್ಲಿ ಹುಟ್ಟಿ ಬೆಳೆದ ಊರು ಅದು, ಅಂಕಿ ಏರಿದಷ್ಟೂ ಮರ್ಯಾದೆ ಏರುತ್ತದೆ. ನೂರ ಹದಿನೆಂಟು ಬಂದ ಮುದುಕನೊಬ್ಬ ಮುಖ ಸಣ್ಣಗೆ ಮಾಡಿಕೊಂಡು, "ಇನ್ನೊಂದ್ಸಲ ನೋಡವ್ವಾ, ಬೆಳಿಗ್ಗೆ ಏನೂ ತಿಂದಿರ್ಲಿಲ್ಲ" ಎಂದು ಸಿಸ್ಟರ್ ಮುಂದೆ ಮತ್ತೆ ತೋಳು ಚಾಚಿದ್ದ. ರಾಮಲಿಂಗಯ್ಯನದ್ದಂತೂ ಹನ್ನೊಂದು ವರ್ಷದ ಬಿ.ಪಿ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕದವನ ಎಲೆಗೆ ಹಾಕಿ, "ನಮ್ಗಾಗಲ್ಲಪ್ಪ" ಎನ್ನುವಾಗ ಅವನ ಮುಖದಲ್ಲಿ ರಿಟೈರಾದ ತಹಸೀಲ್ದಾರನ ಕಳೆ ಇರುತ್ತಿತ್ತು. ಆಮೇಲೆ ಉಪ್ಪಿನಕಾಯಿಯನ್ನು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ, ಅದು ಉಪ್ಪಲ್ಲವಂತೆ, ಉಪ್ಪಿನಕಾಯಿಯಂತೆ. ಜೇಬಲ್ಲಿ ಮಾತ್ರೆಯ ಹಾಳೆ ಪೆನ್ನಿನ ಪಕ್ಕ ಮಿನುಗುತ್ತಿತ್ತು. ಅಂಥವನ ಕಾಯಿಲೆ ಕೆಂಪರಾಜುವಿನಂಥ ರೇಷ್ಮೆಹುಳು ಸಾಕುವ ಹುಡುಗನಿಗೆ ಬಂದದ್ದು ಅವನಿಗೆ ಯಾರೋ ತನ್ನ ಅಂಗಿ ತೊಟ್ಟು ಓಡಾಡಿದ ಹಾಗೆ ಕಂಡಿರಬೇಕು. ನಗುತ್ತಿದ್ದರೂ ಅವನ ಕಣ್ಣಲ್ಲಿ ಆ ಅಸಮಾಧಾನವೇ ಇದ್ದದ್ದು ಎಂದು ಕೆಂಪರಾಜುವಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಿಬಿಡಬೇಕೆಂದು ಬಾಯಿ ತೆರೆದ. "ಮಾವ, ನಿನ್ ತಲೆ ಓಡಿದ್ದು ಫ್ಯಾಟ್ ಬರಿಯೋ ಪುಸ್ತಕದಾಗೆ ಮಾತ್ರ..." ಅಷ್ಟರಲ್ಲಿ ಸಾಲಿನಿಂದ ಒಬ್ಬ, "ಸುಮ್ಕಿರ್ಲಾ ಕೆಂಪ, ಕ್ವಾಪ ಮಾಡ್ಕಂಡ್ರೆ ಇನ್ನೂ ಏರ್ತದೆ" ಎಂದ. "ನೀರು ಕುಡೀಲಾ ಒಸಿ" ಎಂದ ಇನ್ನೊಬ್ಬ. ಅವನ ಸಿಟ್ಟಿಗೆ ಒಂದು ಗಳಿಗೆಯ ಹಿಂದಿನ ತನಕ ಕಾರಣಗಳಿದ್ದವು. ಹೋದ ತಿಂಗಳೆಲ್ಲ ತನ್ನ ಹಸುವಿನ ಹಾಲಿಗೆ ಯಾಕೆ ಮೂರೂವರೆಯ ಮೇಲೆ ಫ್ಯಾಟು ಬರಲಿಲ್ಲ, ಡೈರಿ ಪ್ರೆಸಿಡೆಂಟರ ತಮ್ಮನ ಹಾಲಿಗೆ ಯಾಕೆ ನಾಲ್ಕರ ಕೆಳಗೆ ಇಳಿಯಲಿಲ್ಲ ಎಂಬುದು ಒಂದು ಕಾರಣ. ಈಗ ಯಾವ ಕಾರಣವೂ ಬೇಕಿಲ್ಲ. ಅವನು ಏನೇ ಕೂಗಿದರೂ ಅದು ನೂರ ಅರವತ್ತೆಂಟು. ಊರಿನ ಮೇಲೆ ಅವನಿಗಿದ್ದ ಒಂದೇ ಹಕ್ಕನ್ನು, ಗಾಳಿ ತುಂಬಿದ ಒಂದು ಬಟ್ಟೆಯ ಪಟ್ಟಿ, ಎರಡು ನಿಮಿಷದಲ್ಲಿ ಕಿತ್ತುಕೊಂಡಿತ್ತು.

"ಕೋಪ ಬಂದ್ರೆ ಒಂದ್ ಗಳಿಗೆ ಏರ್ತದೆ, ಇಳೀತದೆ. ಇದು ಅದಲ್ಲ" ಎಂದರು ಸಿಸ್ಟರ್, ಸಾಲಿಗೆ ಕೇಳದಂತೆ. ಪಟ್ಟಿ ಬಿಚ್ಚುತ್ತ ಅವರು ಹೇಳಿದ್ದನ್ನು ಕೆಂಪರಾಜು ನೆಲ ನೋಡುತ್ತ ಕೇಳಿದ. ಒಂದು ದಿನ ನೋಡಿ ತೀರ್ಮಾನ ಮಾಡುವುದಲ್ಲ, ಇನ್ನೂ ಎರಡು ಮೂರು ದಿನ ಬಂದು ತೋರಿಸಬೇಕು. ನೋಯುವುದಿಲ್ಲ, ಉರಿಯುವುದಿಲ್ಲ, ಅದೇ ಇದರ ಕೆಟ್ಟ ಗುಣ, ನೋವಿಲ್ಲವೆಂದು ಜನ ಬಿಟ್ಟುಬಿಡುತ್ತಾರೆ. ಒಳಗೆ ನರನಾಳ ಸವೆಯುತ್ತಲೇ ಇರುತ್ತದೆ, ಹೃದಯ, ಕಿಡ್ನಿ, ಕಣ್ಣು, ಮೆದುಳು ಯಾವುದನ್ನು ಮೊದಲು ಹಿಡಿಯುತ್ತದೆಂದು ಹೇಳಲು ಬರುವುದಿಲ್ಲ. ಹೃದಯ ಎಂದ ತಕ್ಷಣ ಅವನಿಗೆ ಒಂಬತ್ತನೇ ಕ್ಲಾಸಿನ ಬೋರ್ಡು ಕಂಡಿತು. ಹೃದಯ ಎಷ್ಟು ದೊಡ್ಡದು ಎಂದು ಮೇಷ್ಟ್ರು ಕೇಳಿದ್ದರು, ಅವರವರ ಮುಷ್ಟಿಯಷ್ಟು ಎಂದು ಹಿಂದಿನ ದಿನವೇ ಹೇಳಿಕೊಟ್ಟಿದ್ದರು. ಕೆಂಪರಾಜು ಎದ್ದು ಮುಷ್ಟಿ ಕಟ್ಟಿ ಮುಂದೆ ಚಾಚಿದ. ತಮಗೇ ಗುದ್ದು ತೋರಿಸಿದ ಎಂದುಕೊಂಡ ಮೇಷ್ಟ್ರು ಸ್ಕೇಲಿನ ಅಂಚಿನಿಂದ ಬೆರಳ ಗಿಣ್ಣಿನ ಮೇಲೆ ಹೊಡೆದರು. ಬಿಚ್ಚು ಎಂದರು, ಬಿಚ್ಚಲಿಲ್ಲ, ಇನ್ನೂ ನಾಲ್ಕು ಹೊಡೆದರು. ಹೃದಯವನ್ನು ಹಾಗೇ ಹಿಡಿದುಕೊಂಡು ಅವನು ಮನೆಗೆ ಬಂದದ್ದು, ಆಮೇಲೆ ಹೋಗಲಿಲ್ಲ. "ನಿಮ್ಮ ಅಪ್ಪಂಗೆ ಇತ್ತಾ?" ಎಂದು ಸಿಸ್ಟರ್ ಕೇಳುತ್ತಿದ್ದರು. ಅಪ್ಪ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬಿದ್ದಾಗ ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಗಾಳಿ ಹೊಡೆದಿದೆ ಎಂದರು ಊರವರು. ಪಾರಿವಾಳದ ರಕ್ತ ಹಚ್ಚಿ ಉಜ್ಜಿದರೆ ಸರಿಯಾಗುತ್ತದೆಂದು ಯಾರೋ ಹೇಳಿ, ಪಾರಿವಾಳ ಹುಡುಕುವುದರಲ್ಲೇ ಒಂದೂವರೆ ದಿನ ಹೋಯಿತು. ಪಾರಿವಾಳ ಸಿಕ್ಕಿತು, ಅಪ್ಪ ಸಿಗಲಿಲ್ಲ. "ಗೊತ್ತಿಲ್ಲ ಮೇಡಂ" ಎಂದ. "ನಿಮ್ಮಮ್ಮ ಶಿವಲಿಂಗಮ್ಮ ನಮ್ ಲಿಸ್ಟಲ್ಲೇ ಅವ್ರಲ್ಲ, ಹೋದ್ ತಿಂಗಳು ಮಾತ್ರೆ ಇಸ್ಕೊಂಡೋದ್ರು. ದಿನಾ ತಗೊತಾವ್ರಾ?"

"ತಗೊತಾವ್ರೆ" ಎಂದ ಕೆಂಪರಾಜು.

ಹಾಲಿನ ಖಾಲಿ ಕ್ಯಾನನ್ನು ಟಿವಿಎಸ್ಸಿನ ಮುಂದಿಟ್ಟುಕೊಂಡು ಮನೆಯ ದಾರಿ ಹಿಡಿದಾಗಲೂ ಆ ಒಂದು ಮಾತು ಕ್ಯಾನಿನೊಳಗೆ ಬಿದ್ದ ಕಲ್ಲಿನಂತೆ ಗಲಗಲ ಎನ್ನುತ್ತಿತ್ತು. ತಗೊತಾವ್ರೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ. ಅವ್ವ ಮಾತ್ರೆ ಬಿಟ್ಟು ಇವತ್ತಿಗೆ ಆರು ದಿನ. ಬಿಟ್ಟದ್ದಲ್ಲ, ಬಿಡಿಸಿದ್ದು. ಹೋದ ವರ್ಷ ಸಾಕಿದ್ದ ಬೆಳೆಗೆ ಸಪ್ಪೆ ರೋಗ ಬಂದು ಬೆರಳುದ್ದದ ಹುಳುಗಳೆಲ್ಲ ತಟ್ಟೆಯ ಮೇಲೆ ಕಪ್ಪಾಗಿ, ಮೆತ್ತಗಾಗಿ, ಮುಟ್ಟಿದರೆ ಒಡೆಯುವಂತಾಗಿದ್ದವು. ಗುಂಡಿ ತೆಗೆದು ಹೂಳುವಾಗ ಅವನಿಗೆ ಯಾರನ್ನಾದರೂ ಹಿಡಿದು ಹೊಡೆಯಬೇಕು ಅನ್ನಿಸಿತ್ತು. ಹೊಡೆಯಲು ಸಿಕ್ಕಿದ್ದು ಅವ್ವನ ಮಾತ್ರೆ. ಅದನ್ನು ನುಂಗಿದರೆ ಅವಳಿಗೆ ಗಂಟೆಗೊಂದು ಸಲ ಒಂದಕ್ಕೆ ಹೊರಗೆ ಹೋಗಬೇಕಾಗುತ್ತಿತ್ತು. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಗೋಣಿ ತುಳಿದು, ಕೈ ತೊಳೆದು ಒಳಗೆ ಬರಬೇಕು. ನೂರು ಸಲ ಹೋಗಿ ಬರುವವಳು ತೊಂಬತ್ತು ಸಲ ತೊಳೆದುಕೊಂಡಳು ಎಂದೇ ಇಟ್ಟುಕೊಂಡರೂ ಉಳಿದ ಹತ್ತು ಸಲ? "ಹಿಂಗೆ ಒಳಿಕ್ಕೂ ಹೊರಿಕ್ಕೂ ಗಡಿಯಾರ್ದಂಗೆ ತಿರುಗ್ತಿದ್ರೆ ರೋಗ ಬರ್ದೆ ಇನ್ನೇನ್ ಬತ್ತದೆ? ನಾಕ್ನೇ ಜ್ವರ ಎದ್ಮೇಲೆ ಆ ಮಾತ್ರೆ ಮುಟ್ಬೇಡ. ಹಣ್ಣಾಗಿ ಗೂಡು ಕಟ್ಟೋಗಂಟ ಎಂಟೇ ದಿನ" ಎಂದು ಅವನು ಹೇಳಿದ್ದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಅವ್ವ ಮುದ್ದೆ ತಿರುವುತ್ತಿದ್ದಾಗ. ಹುಳು ಪೊರೆ ಬಿಡುವುದನ್ನು ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕು ಸಲ ಜ್ವರಕ್ಕೆ ಹೋಗಿ ಮೇವು ಬಿಟ್ಟು ತಲೆಯೆತ್ತಿ ಕೂರುತ್ತದೆ, ನಾಲ್ಕನೆಯದು ಎದ್ದ ಮೇಲೆ ಬಕಾಸುರನಂತೆ ತಿನ್ನುತ್ತದೆ. ಹುಳು ಜ್ವರದಲ್ಲಿದ್ದಾಗ ಅವ್ವ ಮಾತ್ರೆ ನುಂಗುತ್ತಿದ್ದಳು, ಹುಳು ತಿನ್ನಲು ಶುರು ಮಾಡಿದರೆ ಇವಳು ನಿಲ್ಲಿಸುತ್ತಿದ್ದಳು. ಅಲ್ಲಿಂದ ಈಚೆಗೆ ನಾಲ್ಕು ಬೆಳೆ ಕೈಗೆ ಬಂದಿತ್ತು. ನಾಲ್ಕು ಬೆಳೆ ಬಂದದ್ದೇ ಅವನ ಬುದ್ಧಿವಂತಿಕೆಗೆ ಸಾಕ್ಷಿಯಾಗಿತ್ತು. ರೇಷ್ಮೆ ಇಲಾಖೆಯವರು ಕೊಟ್ಟ ತರಬೇತಿಯಲ್ಲಿ ಸುಣ್ಣ ಎಷ್ಟು, ಬ್ಲೀಚಿಂಗ್ ಎಷ್ಟು, ಗಾಳಿ ಎಷ್ಟು ಎಂದು ಗಂಟೆಗಟ್ಟಲೆ ಹೇಳಿದ್ದರು. ಅವ್ವನ ವಿಷಯ ಯಾರೂ ಹೇಳಿರಲಿಲ್ಲ, ಅದನ್ನು ತಾನೇ ಕಂಡುಹಿಡಿದೆನೆಂದು ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು.

ಹುಳುಮನೆಯೊಳಗೆ ಮಳೆ ಸುರಿದ ಸದ್ದು. ಮೂರು ಅಟ್ಟದ ತುಂಬ ಹರಡಿದ್ದ ಹುಳುಗಳು ಸೊಪ್ಪು ಕಡಿಯುವ ಸದ್ದು ಅದು. ಅವ್ವ ಮೇಲಿನ ಅಟ್ಟಕ್ಕೆ ರೆಂಬೆಸೊಪ್ಪು ಹಾಸುತ್ತಿದ್ದಳು. ಅವಳ ಸೆರಗು, ತಲೆನೋವಿಗೆ ಕಟ್ಟುವ ಹಾಗೆ, ತಲೆಗೆ ಬಿಗಿಯಾಗಿ ಕಟ್ಟಿತ್ತು. ಎರಡು ದಿನದಿಂದ ಹಾಗೇ ಇದೆ ಎಂಬುದು ಅವನಿಗೆ ಈಗ ಹೊಳೆಯಿತು, ಕಂಡಿದ್ದು ಎರಡು ದಿನದ ಹಿಂದೆ, ಹೊಳೆದದ್ದು ಈಗ. ಕಾಲು ಗೋಣಿಯ ಮೇಲೆ ಒತ್ತಿ ತುಳಿದು, ಕೈ ತೊಳೆದು, ಬೇಕಿಲ್ಲದಿದ್ದರೂ ಎರಡನೇ ಸಲ ತೊಳೆದು ಒಳಗೆ ಹೋದ. "ಅವ್ವಾ, ಮಾತ್ರೆ ಎಲ್ಲಿಟ್ಟಿದ್ದೀಯೆ?" ಎಂದು ಕೇಳಿದ. ಯಾವ ಮಾತ್ರೆ ಎಂದು ಅವಳು ಕೇಳಲಿಲ್ಲ. "ಯಾಕ್ಲಾ, ಇನ್ನೆರಡು ದಿನಕ್ಕೆ ಹಣ್ಣಾಯ್ತವೆ. ಆಮೇಕ್ ನುಂಗಿದ್ರಾಯ್ತು."

"ಈಗ್ಲೇ ನುಂಗು."

"ನುಂಗ್ಬುಟ್ಟು ಗಡಿಯಾರ್ದಂಗೆ ತಿರುಗ್ಲಾ?" ಎಂದು ಅವ್ವ ನಕ್ಕಳು. ಅವಳು ಚುಚ್ಚುವುದಕ್ಕೆ ಹೇಳಿದ್ದಲ್ಲ, ಅವಳಿಗೆ ಚುಚ್ಚಲು ಬರುತ್ತಿರಲಿಲ್ಲ. ಮಗ ಹೇಳಿದ ಮಾತು ಚೆನ್ನಾಗಿದೆಯೆಂದು ಜೋಪಾನವಾಗಿ ಇಟ್ಟುಕೊಂಡಿದ್ದಳು, ಬೇಕಾದಾಗ ತೆಗೆದಳು. ಅದೇ ಅವನಿಗೆ ತಡೆಯಲಾಗಲಿಲ್ಲ. "ನಾನು ಅಂದೆ ಅಂತ ಬುಟ್ಬುಡದಾ? ನಿಂಗೆ ಬುದ್ಧಿ ಇರ್ಲಿಲ್ವಾ? ನಾನೇನ್ ಡಾಕ್ಟ್ರಾ?" ಎಂದು ಕೂಗಿದ. ಹುಳುಮನೆಯಲ್ಲಿ ಜೋರಾಗಿ ಮಾತಾಡಬಾರದೆಂದು ಊರಿಗೆಲ್ಲ ಹೇಳುವವನು ಅವನೇ. ಅವ್ವ ಬಾಯಿಗೆ ಬೆರಳಿಟ್ಟು "ಶ್" ಎಂದಳು. ತಪ್ಪನ್ನು ಅವಳ ತಲೆಗೆ ಕಟ್ಟುತ್ತಿದ್ದೇನೆ ಎಂದು ಗೊತ್ತಾಗುತ್ತಿರುವಾಗಲೇ ಕಟ್ಟುತ್ತಿದ್ದ. ಮೇಷ್ಟ್ರಿಗೂ ಹೊಡೆಯುವಾಗ ಹೀಗೇ ಗೊತ್ತಾಗಿತ್ತೋ ಏನೋ, ನಾಲ್ಕನೇ ಏಟಿಗೆ ಅವರ ಕಣ್ಣು ಬೇರೆ ಕಡೆ ಇತ್ತು. ಅವ್ವ ಇನ್ನೊಂದು ಹೊರೆ ಎತ್ತಲು ಬಗ್ಗಿದಳು. ಎಡಗೈ ಸೊಪ್ಪನ್ನು ಹಿಡಿಯಿತು, ಬಲಗೈ ಹಿಡಿಯಲಿಲ್ಲ. ಹಿಡಿಯದ ಆ ಕೈಯನ್ನು ಅವಳು ಯಾರದೋ ಕೈ ನೋಡಿದ ಹಾಗೆ ನೋಡಿದಳು. ಹೊರೆ ಜಾರಿ ನೆಲಕ್ಕೆ ಬಿತ್ತು. "ಕೆಂಪ, ಅದು ಒಸಿ" ಎಂದು ಶುರು ಮಾಡಿದವಳ ಮಾತು ಬಾಯಲ್ಲೇ ಕಲಸಿಹೋಗಿ, ಮುದ್ದೆಯ ಹಾಗೆ ಉಂಡೆಯಾಗಿ, ತುಟಿಯ ಬಲಗಡೆಯಿಂದ ಜೊಲ್ಲಾಗಿ ಇಳಿಯಿತು. ಬದುವಿನ ಮೇಲಿನ ಅಪ್ಪನ ಮುಖ ಅದು. ಅದೇ ಕಡೆ, ಅದೇ ಓರೆ. ಅವನು ಅವಳನ್ನು ಹಿಡಿದುಕೊಂಡ, ಮತ್ತು ಆ ಗಳಿಗೆಯಲ್ಲೂ, ತನ್ನ ಕಾಲ ಕೆಳಗೆ ಒಂದು ಹುಳು ಸಿಕ್ಕಿ ಪಚಕ್ಕೆಂದದ್ದು ಅವನಿಗೆ ತಿಳಿಯಿತು. ಅಯ್ಯೋ ಎಂದದ್ದು ಯಾವುದಕ್ಕೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಖಾತ್ರಿಯಾಗಲಿಲ್ಲ.

ಊರಲ್ಲಿ ಆ ಹೊತ್ತಿಗೆ ಇದ್ದ ಕಾರು ಒಂದೇ, ರಾಮಲಿಂಗಯ್ಯನದು. ಬೆಳಿಗ್ಗೆ ಬೈದವನ ಬಾಗಿಲಿಗೆ ಮಧ್ಯಾಹ್ನಕ್ಕೆ ಮುಂಚೆಯೇ ಓಡಬೇಕಾಯಿತು. ರಾಮಲಿಂಗಯ್ಯ ತಿಂಡಿ ತಿನ್ನುತ್ತಿದ್ದವನು ಕೈಯನ್ನೂ ತೊಳೆಯದೆ ಎದ್ದು ಬಂದ. ಅಷ್ಟು ಒಳ್ಳೆಯವನಾಗಲು ಅವನಿಗೆ ಏನು ಹಕ್ಕಿದೆ ಎಂದು ಕೆಂಪರಾಜುವಿಗೆ ಉರಿಯಿತು. ಹಿಂದಿನ ಸೀಟಿನಲ್ಲಿ ಅವ್ವನ ತಲೆ ಅವನ ತೊಡೆಯ ಮೇಲಿತ್ತು. ಆಸ್ಪತ್ರೆಯಿದ್ದ ಸಾತನೂರಿನ ತನಕ ರಾಮಲಿಂಗಯ್ಯ ಬಾಯಿ ಮುಚ್ಚಲಿಲ್ಲ. "ಅಕ್ಕಾ, ಹೆದರ್ಕಬೇಡ. ಬಿ.ಪಿ. ಅಂದ್ರೆ ನಮ್ ಮಾತು ಕೇಳ್ತದೆ, ನಾವು ಅದರ ಮಾತು ಕೇಳ್ಬೇಕು ಅಷ್ಟೇಯ. ಹನ್ನೊಂದ್ ವರ್ಷದಲ್ಲಿ ನಾನು ಒಂದಿನ ಮಾತ್ರೆ ತಪ್ಸಿಲ್ಲ. ನನ್ ತಂಗಿ ಮದ್ವೆ ದಿನಾನೂ ತಪ್ಸಿಲ್ಲ, ನಮ್ಮಪ್ಪನ ತಿಥಿ ದಿನಾನೂ ತಪ್ಸಿಲ್ಲ." ಗುಂಡಿ ಬಂದಾಗ ಮಾತ್ರ ನಿಲ್ಲಿಸಿ, ಗುಂಡಿ ದಾಟಿ ಮುಂದುವರಿಸುತ್ತಿದ್ದ. "ಈರೇಕಾಯಿ ತಿನ್ಬೇಕು. ಹಪ್ಪಳ ಬುಡ್ಬೇಕು. ಕೆಂಪ, ನೀನೂ ಬುಡು ಹಪ್ಪಳಾವ." ಅವ್ವನ ಬೆರಳುಗಳು ಅವನ ಅಂಗೈಯೊಳಗೆ ಮೆಲ್ಲಗೆ ಮಿಸುಕಿದವು. ಸಾತನೂರು ಇನ್ನೂ ಎರಡು ಮೈಲಿ ಇರುವಾಗ ತುಟಿ ನೆಟ್ಟಗಾಯಿತು, ಮಾತು ಬಂತು. ಬಂದ ಮೊದಲ ಮಾತು: "ಕೆಳಗಿನ ಅಟ್ಟಕ್ಕೆ ಸೊಪ್ಪು ಹಾಕಿಲ್ಲ ಕಣ್ಲಾ." ರಾಮಲಿಂಗಯ್ಯ ಸ್ಟೇರಿಂಗಿನ ಮೇಲೆ ಹೊಡೆದು, "ನೋಡ್ದಾ! ಇಳೀತು! ನಾನ್ ಹೇಳಿಲ್ವಾ!" ಎಂದು, ತಾನೇ ಇಳಿಸಿದ ಹಾಗೆ ಬೀಗಿದ. ಹಿಂದಕ್ಕೆ ತಿರುಗೋಣವೇ ಎಂಬ ಯೋಚನೆ ಕೆಂಪರಾಜುವಿಗೆ ಬಂದೇ ಬಂತು. ಸರಿಹೋಯಿತಲ್ಲ, ಹುಳು ಹಸಿದಿದೆ, ಮಾತ್ರೆ ಮನೆಯಲ್ಲೇ ಇದೆ. ಆಸ್ಪತ್ರೆಗೆ ಹೋದರೆ ಕೇಳುತ್ತಾರೆ. ಈ ಕೊನೆಯದಕ್ಕೇ ತಾನು ಹೆದರುತ್ತಿರುವುದು ಎಂದು ಗೊತ್ತಾದಾಗ ಅವನು ಅವ್ವನ ಕೈಯನ್ನು ಬಿಟ್ಟು, ಮತ್ತೆ ಹಿಡಿದುಕೊಂಡ. ಕಾರು ಮುಂದಕ್ಕೇ ಹೋಯಿತು.

ಆಸ್ಪತ್ರೆಯ ಡಾಕ್ಟರು ಅವನಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದಾದ ಹೆಣ್ಣುಮಗಳು. ಅವ್ವನಿಗೆ ಕೈ ಎತ್ತಿಸಿ, ನಗಿಸಿ, ಹೆಸರು ಹೇಳಿಸಿ, ಪಟ್ಟಿ ಕಟ್ಟಿದರು. ಇನ್ನೂರ ಹತ್ತು, ನೂರ ಹದಿನೆಂಟು. ಈ ಸಲ ಯಾರೂ ಗಟ್ಟಿಯಾಗಿ ಓದಲಿಲ್ಲ. "ಕೈ ಸರಿಹೋಯ್ತು ಅಂತ ಖುಷಿ ಪಡಬೇಡಿ" ಎಂದರು ಡಾಕ್ಟರು. "ಮೆದುಳಿಗೆ ಹೋಗೋ ರಕ್ತ ಸ್ವಲ್ಪ ಹೊತ್ತು ನಿಂತಿತ್ತು ಅಂತ ಕಾಣುತ್ತೆ. ಇದು ಹೇಳಿ ಬಂದಿರೋದು. ಇನ್ನೊಂದು ಸಲ, ಇವತ್ತೇ ಆದ್ರೂ, ಹೇಳದೇ ಬರಬಹುದು. ಸ್ಕ್ಯಾನ್ ಆಗ್ಬೇಕು, ಕನಕಪುರಕ್ಕೆ ಹೋಗೋಕೆ ಆಂಬುಲೆನ್ಸ್ ಹೇಳಿದ್ದೀನಿ." ಆಮೇಲೆ ಚೀಟಿ ಬರೆಯುತ್ತ ತಲೆಯೆತ್ತದೆ ಕೇಳಿದರು, "ಮಾತ್ರೆ ತಪ್ಪಿಸಿದ್ರಾ?" ಅವ್ವ ಮಲಗಿದ್ದಲ್ಲಿಂದಲೇ, "ನೆನ್ನೆ ಒಂದ್ ಮರ್ತ್ಕಂಡೆ ಕಣವ್ವ" ಎಂದಳು. ಎಷ್ಟು ಸಲೀಸಾಗಿ ಬಂತು ಅವಳ ಬಾಯಿಗೂ. ತಾಯಿಗೆ ತಕ್ಕ ಮಗನಲ್ಲ, ಮಗನಿಗೆ ತಕ್ಕ ತಾಯಿ. ಪೆನ್ನು ಚೀಟಿಯ ಮೇಲೆ ಒಂದು ದಿನ ಎಂದು ಬರೆಯುತ್ತಿರುವುದನ್ನು ಕೆಂಪರಾಜು ನೋಡಿದ. ಕನಕಪುರದ ಡಾಕ್ಟರು ಇದನ್ನೇ ನಂಬಿ ಮದ್ದು ಕೊಡುತ್ತಾರೆ. ಕಿವಿಯಲ್ಲಿ ಹುಳು ಸೊಪ್ಪು ಕಡಿಯುವ ಸದ್ದು.

"ಆರು ದಿನ" ಎಂದ. ಬಾಗಿಲಲ್ಲಿ ಚೀಟಿ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. "ಆರು ದಿನ ಆಯ್ತು ಮೇಡಂ. ಪ್ರತಿ ಬೆಳೆಗೂ ಎಂಟು ದಿನ ಬುಡ್ತಾರೆ. ಒಂದ್ ವರ್ಷದಿಂದ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೆಳೆಗೂ ಮಾತ್ರೆಗೂ ಏನ್ರೀ ಸಂಬಂಧ?" ಹೇಳಲು ಹೊರಟ. ಹುಳು, ಜ್ವರ, ಗೋಣಿ, ಹೊರಗೆ ಹೋಗುವುದು, ಸಪ್ಪೆ ರೋಗ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅದು ತನಗೇ ಎಂಥ ಪೆದ್ದತನವಾಗಿ ಕೇಳಿಸಿತೆಂದರೆ, ಅದನ್ನು ಹೇಳಿದವರು ಯಾರು ಎಂಬ ಕೊನೆಯ ಮಾತನ್ನು ಬಿಟ್ಟು ಮುಗಿಸಿದ. "ಸಲ ಸಲ ಹೊರಗೆ ಹೋಗೋದು ಕಷ್ಟ ಅಂದ್ರೆ ಬಂದು ಹೇಳ್ಬೇಕು, ಬೇರೆ ಮಾತ್ರೆ ಇದೆ, ಬದಲಾಯಿಸಿ ಕೊಡ್ತಿದ್ವಿ" ಎಂದರು ಡಾಕ್ಟರು. ಬೇರೆ ಮಾತ್ರೆ ಇದೆ. ಸಾತನೂರಿಗೆ ಬಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. "ಯಾರು ನಿಮಗೆ ಈ ಬುದ್ಧಿ ಹೇಳ್ಕೊಟ್ಟೋರು?"

"ಯಾರಿಲ್ಲ ಕಣವ್ವ, ನಾನೇ" ಎಂದಳು ಅವ್ವ, ಕೂಡಲೇ, ಮಾತು ಕಿತ್ತುಕೊಂಡ ಹಾಗೆ. "ಓದಿಲ್ದೋಳು. ನಂಗೇ ಹಂಗನ್ನಿಸ್ತು, ಬುಟ್ಟೆ. ನನ್ ಮಗಂಗೆ ಪಾಪ ಇದೆಲ್ಲ ಏನ್ ಗೊತ್ತು?"

ಬಾಗಿಲಲ್ಲಿ ನಿಂತವರು ಲೊಚಗುಟ್ಟಿದರು. ಡಾಕ್ಟರು ಅವ್ವನ ಮೇಲೆ ರೇಗಿದರು, ಒಳ್ಳೆಯ ಮನಸ್ಸಿನಿಂದಲೇ ರೇಗಿದರು, ಮಕ್ಕಳಿಗೆ ಹೇಳುವ ಹಾಗೆ ಒಂದೊಂದನ್ನೂ ಬಿಡಿಸಿ ಹೇಳಿ ಬೈದರು. ಅವ್ವ ಒಂದೊಂದಕ್ಕೂ ಹ್ಞೂಂ, ಹ್ಞೂಂ ಎಂದಳು. ಅವನು ಹೊಡೆಸಿಕೊಳ್ಳಬೇಕಾದ ಏಟುಗಳು ಲೆಕ್ಕ ತಪ್ಪದೆ ಅವಳ ಮೇಲೆ ಬೀಳುವುದನ್ನು ಗೋಡೆಗೊರಗಿ ನಿಂತು ನೋಡಿದ. ಈಗ ಹೇಳಿಬಿಡಬೇಕು, ಇವರು ಉಸಿರು ತೆಗೆದುಕೊಳ್ಳಲಿ, ಹೇಳುತ್ತೇನೆ ಎಂದುಕೊಂಡ. ಡಾಕ್ಟರು ಉಸಿರು ತೆಗೆದುಕೊಂಡರು. ಊರಿನ ಮುಂದೆ ಯಾರನ್ನು ಬೇಕಾದರೂ ಬೈಯಲು ಬರುವ ಬಾಯಿ ಅದು, ಒಂದೇ ಒಂದು 'ನಾನು' ಎನ್ನಲು ಬರಲಿಲ್ಲ. ಅಷ್ಟರಲ್ಲಿ ಹೊರಗೆ ಆಂಬುಲೆನ್ಸ್ ಬಂದು ನಿಂತಿತು. ಇಬ್ಬರು ಬಂದು ಅವ್ವನನ್ನು ಸ್ಟ್ರೆಚರಿಗೆ ಹಾಕಿಕೊಂಡರು. ಹೋಗುತ್ತ ಅವಳು ತಲೆಯೆತ್ತಿ, "ನೀ ಬರ್ಬೇಡ ಕಣ್ಲಾ, ಮನೀಗೋಗು. ನಾಳೆ ನಾಡಿದ್ದಕ್ಕೆ ಹಣ್ಣಾಯ್ತವೆ, ಚಂದ್ರಿಕೆಗೆ ಬುಡೋರ್ ಯಾರು?" ಎಂದಳು. ಹಣ್ಣಾದ ಹುಳುವನ್ನು ಆ ಹೊತ್ತಿಗೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಯ ಬಲೆಗೆ ಬಿಡದಿದ್ದರೆ ಅದು ಸಿಕ್ಕಿದ ಕಸಕಡ್ಡಿಗೆಲ್ಲ ನೂಲು ಸುತ್ತಿ ಬೆಳೆ ಹಾಳು ಮಾಡುತ್ತದೆ. ಇದು ಅವನಿಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು.

ಮೆಟ್ಟಿಲ ಬಳಿ ರಾಮಲಿಂಗಯ್ಯ ನಿಂತಿದ್ದ. ಅವನ ಕಣ್ಣು ಒದ್ದೆಯಾಗಿತ್ತು, ಅದು ನಿಜವಾದ ಒದ್ದೆ, ಆ ಮುಖದಲ್ಲಿ ತಹಸೀಲ್ದಾರನೂ ಇರಲಿಲ್ಲ, ಕಾರ್ಯದರ್ಶಿಯೂ ಇರಲಿಲ್ಲ. ಚೀಟಿಯವರೆಲ್ಲ ಸುತ್ತ ನೆರೆದಿದ್ದರು. ಕೆಂಪರಾಜುವಿನ ಹೆಗಲ ಮೇಲೆ ಕೈಯಿಟ್ಟು, ಬೆಳಿಗ್ಗೆಯಿಂದ ಮೊದಲ ಸಲ ದನಿ ತಗ್ಗಿಸಿ ಕೇಳಿದ.

"ಆವಮ್ಮ ಓದಿಲ್ದೋಳು, ಸರಿ. ನೀನಾದ್ರೂ ಒಂದ್ ಮಾತು ಹೇಳ್ಬಾರ್ದಾಗಿತ್ತೇನ್ಲಾ ಅವ್ವಂಗೆ?"

ಕೆಂಪರಾಜು ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ಸರಿಸಿದ. ಮೆಟ್ಟಿಲಿಳಿದು, ಡಾಕ್ಟರು ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಮನೆಯ ಕಡೆಯ ರಸ್ತೆಯನ್ನು ಒಮ್ಮೆ ನೋಡಿ, ಬಾಗಿಲು ತೆರೆದು ನಿಂತಿದ್ದ ಆಂಬುಲೆನ್ಸಿನ ಕಡೆಗೆ ನಡೆದ.